ಅಣ್ಣ ಕಡಿದ ನೆಲ್ಲಿ ಕೊಂಬೆಗಳು

ನಿಜ ಏನೆಂದು ಗೊತ್ತಾದ ಮೇಲೂ ನಾನು ಬಾಯಿ ಬಿಡಲಿಲ್ಲ. ಅದರಿಂದ ನನ್ನ ಅಣ್ಣ ಎರಡು ವರ್ಷ ಕಳ್ಳನೆನಿಸಿಕೊಂಡು ಕಾಡಿನ ಕೆಲಸದಿಂದ ಹೊರಗುಳಿದ. ನಾನು ಓದಿದ್ದು ಐದನೇ ಕ್ಲಾಸು. ಬರೆಯುವುದು ನನಗೆ ಕಷ್ಟ. ಆದರೂ ಇದನ್ನು ನಾನೇ ಬರೆಯಬೇಕು. ಬೇರೆಯವರು ಹೇಳಿದರೆ ನನ್ನ ತಪ್ಪನ್ನು ಸಣ್ಣದು ಮಾಡಿಬಿಡುತ್ತಾರೆ.

ನಮ್ಮ ಪೋಡು, ಅಂದರೆ ನಮ್ಮ ಕಾಡುಹಾಡಿ, ಯಳಂದೂರಿನ ಮೇಲಿನ ಬೆಟ್ಟದಲ್ಲಿದೆ. ಕಾಡಿನ ಹಕ್ಕುಪತ್ರ ಬಂದ ಮೇಲೆ ನೆಲ್ಲಿ, ಜೇನು ಯಾವಾಗ ತೆಗೆಯಬೇಕು, ಎಷ್ಟು ಬಿಡಬೇಕು ಎಂದು ನಾವೇ ಕೂತು ತೀರ್ಮಾನ ಮಾಡುತ್ತೇವೆ. ನೆಲ್ಲಿ ಬಲಿಯುವ ಮೊದಲು ಪೋಡಿನವರು ಕಾಡು ಸುತ್ತಿ ಮರ ನೋಡುತ್ತಾರೆ. ಯಾವ ಹಳ್ಳದಲ್ಲಿ ಕಾಯಿ ಚೆನ್ನಾಗಿದೆ, ಜಿಂಕೆ ಕಡವೆಗೆ ಎಷ್ಟು ಉಳಿಸಬೇಕು ಎಂದು ಮಾತಾಡಿ ಒಂದು ದಿನ ಗೊತ್ತು ಮಾಡುತ್ತಾರೆ. ಆ ದಿನಕ್ಕೆ ಮುಂಚೆ ಒಂದು ಕಾಯಿಯನ್ನೂ ಮುಟ್ಟುವಂತಿಲ್ಲ. ಹೀಗೆ ಸುತ್ತುವಾಗ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದವನು ನನ್ನ ಅಣ್ಣ. ಅವನಿಗಿಂತ ಮೊದಲು ನಮ್ಮಪ್ಪ ನಡೆಯುತ್ತಿದ್ದ. ಮರ ಓದುವುದನ್ನು ಅಪ್ಪ ನಮ್ಮಿಬ್ಬರಿಗೂ ಕಲಿಸಿದ್ದ, ಮುಂದೆ ನಡೆಯುವುದನ್ನು ಮಾತ್ರ ಅವನಿಗೆ ಕೊಟ್ಟ. ಅದು ನನ್ನೊಳಗೆ ಎಲ್ಲೋ ಚುಚ್ಚುತ್ತಿತ್ತು ಅಂತ ಈಗ ಅನಿಸುತ್ತದೆ. ನನಗೆ ಸಹಿ ಹಾಕಲು ಬರುತ್ತದೆಂದು ಕಾಡಿನ ಹಕ್ಕಿನ ಕಮಿಟಿಗೆ ಸೇರಿಸಿಕೊಂಡರು. ಪೋಡಿನಿಂದ ಕಮಿಟಿಗೆ ಹೋದ ಮೊದಲ ಹೆಂಗಸು ನಾನೇ.

ಆ ವರ್ಷ ಸುತ್ತಲು ಹೋಗುವ ಮೊದಲೇ ಗುಸುಗುಸು ಶುರುವಾಯಿತು. ಯಳಂದೂರು ಬಸ್‌ಸ್ಟ್ಯಾಂಡಿನ ಪಕ್ಕ ನೆಲ್ಲಿಕಾಯಿ ಗುಡ್ಡೆ ಹಾಕಿದ್ದನ್ನು ಯಾರೋ ನೋಡಿ ಬಂದರು. ಅದು ತಮಿಳುನಾಡು ಕಡೆಯ ತೋಟದ ಕಾಯಿಯೂ ಇರಬಹುದಿತ್ತು. ಆ ಮಾತನ್ನು ಯಾರೂ ಆಡಲಿಲ್ಲ. ಎರಡು ದಿನದಲ್ಲಿ ಫಾರೆಸ್ಟ್ ಗಾರ್ಡ್ ಬಂದು, ಮೇಲಿನ ಹಳ್ಳದಲ್ಲಿ ಯಾರೋ ನೆಲ್ಲಿ ಕೊಂಬೆ ಕಡಿದಿದ್ದಾರೆ ಎಂದ. ಆಮೇಲೆ ಯಾರು ಕತ್ತಿ ಮಸೆದರು, ಯಾರು ಬೆಳಗಿನ ಬಸ್ಸಿಗೆ ಚೀಲ ಹೊತ್ತು ಹೋದರು ಎಂದು ಎಲ್ಲರೂ ಎಲ್ಲರನ್ನೂ ನೋಡತೊಡಗಿದರು. ಟ್ಯಾಂಕಿನ ಹತ್ತಿರ ನಾನು ಬಿಂದಿಗೆ ಇಟ್ಟರೆ ಹೆಂಗಸರ ಮಾತು ನಿಲ್ಲುತ್ತಿತ್ತು.

ಅಂಥ ದಿನದಲ್ಲೇ ಬೆಂಕಿಪೊಟ್ಟಣ ಕೇಳಲು ಅಣ್ಣನ ಮನೆಗೆ ಹೋದೆ. ಹಿತ್ತಿಲಲ್ಲಿ ಬಾಯಿ ಹೊಲಿದ ಒಂದು ಮೂಟೆ ಇತ್ತು.

“ಏನತ್ತಿಗೆ ಇದು?” ಅಂದೆ.

“ಆಡ್ಗೆ ಸೊಪ್ಪು ಕಣವ್ವ,” ಎಂದಳು ಅತ್ತಿಗೆ. ನನ್ನ ಮುಖ ನೋಡಲಿಲ್ಲ.

ಆಡಿನ ಸೊಪ್ಪಿಗೆ ಯಾರಾದರೂ ಮೂಟೆ ಬಾಯಿ ಹೊಲಿಯುತ್ತಾರೆಯೇ? ಒಂದು ಹೆಜ್ಜೆ ಮುಂದೆ ಹೋಗಿ ಮುಟ್ಟಿದ್ದರೆ ಕಾಯೋ ಸೊಪ್ಪೋ ತಿಳಿಯುತ್ತಿತ್ತು. ನಾನು ಮುಟ್ಟಲಿಲ್ಲ. ಬೆಂಕಿಪೊಟ್ಟಣ ತೆಗೆದುಕೊಂಡು ಬಂದೆ. ಮನೆ ಸೇರುವಷ್ಟರಲ್ಲಿ ಅದು ನೆಲ್ಲಿಕಾಯಿಯೇ ಎಂದು ಮನಸ್ಸು ತೀರ್ಮಾನ ಮಾಡಿಯಾಗಿತ್ತು.

ಸಭೆಯಲ್ಲಿ ಮೂಟೆಯ ವಿಷಯ ಹೇಳಿಬಿಟ್ಟೆ. ಯಾರೂ ಕೇಳಿರಲಿಲ್ಲ.

“ವಡುಟ್ಟಿದ ತಂಗಿಯೇ ಯೋಳ್ತಾವ್ಳಲ್ಲ, ಇನ್ನೇನ್ ಬೇಕು?” ಎಂದ ಒಬ್ಬ.

ಅಣ್ಣ ಎದ್ದು ನಿಂತ. “ನಾನ್ ಕಡ್ದದ್ದು ಉಪ್ಪಿಲ್ನ. ಕಾಯ್ನಲ್ಲ.”

ಉಪ್ಪಿಲು ಎಂದರೆ ನೆಲ್ಲಿಮರದ ಮೇಲೆ ಬೇರೂರಿ ಅದರ ರಸ ಕುಡಿದು ಬದುಕುವ ಬದನಿಕೆ. ಅದನ್ನು ಕಡಿದು ತೆಗೆಯದಿದ್ದರೆ ಮರ ಸೊರಗುತ್ತದೆ. ಅದರ ಸೊಪ್ಪನ್ನು ಆಡು ಆಸೆಯಿಂದ ತಿನ್ನುತ್ತದೆ.

“ಉಪ್ಪಿಲ್ ಕಡ್ಯಕೆ ಕಳ್ನಂಗೆ ಒಬ್ನೇ ಯಾಕ್ಲಾ ಓಯ್ತೀಯೆ? ಸಭೆಗ್ ಯೋಳೋಕೆ ನಾಲ್ಗೆ ಇರ್ನಿಲ್ವಾ?” ಎಂದ ಮೊದಲು ಮಾತಾಡಿದವನೇ.

“ಕತ್ತಿ ತಕಂಡ್ ಓದ್ರೆ ಗಾರ್ಡ್ ಬುಟ್ಟಾನಾ? ನೀವು ಸಭೆ ಸೇರಿ ಕಾಗ್ದ ಬರ್ದು ಕೇಳೋ ವೊತ್ಗೆ ಮರ ಒಣಗೋಗಿರ್ತದೆ.”

ಎಲ್ಲರೂ ನಕ್ಕರು. ಅಣ್ಣ ನಗಲಿಲ್ಲ.

ಮರ ನೋಡಿ ಬರಲು ಕಮಿಟಿ ಅಧ್ಯಕ್ಷ, ಗಾರ್ಡ್ ಮತ್ತು ನನ್ನನ್ನು ಕಳಿಸಿದರು. ಅಧ್ಯಕ್ಷ ಕಾಡಿಗಿಂತ ಕಾಮಗೆರೆ ಕಡೆ ಟ್ರ್ಯಾಕ್ಟರ್ ಮೇಲೆ ಹೆಚ್ಚು ದಿನ ಕಳೆದವನು. ಕೆಳಗೆ ನಿಂತು ಕತ್ತೆತ್ತಿ, “ಕೊಂಬೆ ಕಡ್ದವ್ರೆ, ದಿಟವೇಯ” ಎಂದ. ನಾನು ಮೇಲೆ ನೋಡಿದೆ. ಒಂದೊಂದು ಕಚ್ಚೂ ಮಳೆನೀರು ನಿಲ್ಲದಂತೆ ಓರೆಯಾಗಿ ಬಿದ್ದಿತ್ತು. ಅಪ್ಪ ಕಲಿಸಿದ ಹಾಗೆಯೇ. ಅದರ ಪಕ್ಕದ ಕೊಂಬೆಯಲ್ಲಿ ಕಾಯಿ ಗೊಂಚಲು ಗೊಂಚಲಾಗಿ ಹಾಗೇ ಇತ್ತು. ಕಾಯಿ ಕದಿಯುವವನು ಆ ಕೊಂಬೆಯನ್ನು ಬಿಡುತ್ತಿದ್ದನೇ? ಕಾಲಿನಿಂದ ತರಗೆಲೆ ಸರಿಸಿದೆ. ಉಪ್ಪಿಲು ಕೂತಿದ್ದ ಉಬ್ಬಿದ ಗಂಟು, ಒಂದು ಗೇಣು ಕೊಂಬೆಯ ಸಮೇತ, ಕಂಡಿತು. ಅತ್ತಿಗೆಯ ಮೂಟೆಯಲ್ಲಿದ್ದದ್ದು ಈ ಉಪ್ಪಿಲಿನ ಸೊಪ್ಪೇ, ಗಾರ್ಡ್ ಕಣ್ಣಿಗೆ ಬೀಳದಿರಲೆಂದು ಬಾಯಿ ಹೊಲಿದಿದ್ದರು.

“ಏನವ್ವ, ಏನಾರ ಸಿಕ್ತಾ?” ಅಧ್ಯಕ್ಷ ಕೂಗಿದ.

ನಾನು ಕಾಲಿನಿಂದಲೇ ತರಗೆಲೆ ಎಳೆದು ಗಂಟನ್ನು ಮುಚ್ಚಿದೆ.

“ಏನಿಲ್ಲ,” ಎಂದೆ.

ಯಾಕೆ ಹಾಗೆ ಮಾಡಿದೆ? ಹತ್ತು ಜನರ ಮುಂದೆ ಆಡಿದ ಮಾತು ಸುಳ್ಳಾದರೆ ಇನ್ನು ಯಾವ ಹೆಂಗಸನ್ನು ಕಮಿಟಿಗೆ ಕರೆಯುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಇನ್ನರ್ಧ, ಅವನು ಒಂದು ಸಲವಾದರೂ ಹಿಂದೆ ನಡೆಯಲಿ ಎಂಬ ಆಸೆ.

ಎರಡು ವರ್ಷ ನೆಲ್ಲಿ ಬಿಡಿಸುವಂತಿಲ್ಲ, ಸುತ್ತಲು ಬರುವಂತಿಲ್ಲ ಎಂದು ತೀರ್ಮಾನವಾಯಿತು. “ಆಯ್ತು ಬುಡಿ” ಎಂದ ಅಣ್ಣ. ಆಮೇಲೆ ಅವನು ಕಾಫಿ ತೋಟದ ಕೂಲಿಗೆ ಹೋಗುತ್ತಿದ್ದ. ದಾರಿಯಲ್ಲಿ ಎದುರಾದರೆ ಪಕ್ಕಕ್ಕೆ ಸರಿದು ನನಗೆ ಜಾಗ ಬಿಡುತ್ತಿದ್ದ. ಅವನು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಜನರ ಅನುಮಾನ ಮಾತ್ರ ಅವನನ್ನು ಹೊರಗಿಟ್ಟ ಮೇಲೂ ನಿಲ್ಲಲಿಲ್ಲ. ಮರುವರ್ಷ ಇನ್ನೊಬ್ಬನ ಚೀಲ ಬಿಚ್ಚಿಸಿದರು, ಆಮೇಲೆ ಒಬ್ಬ ವಿಧವೆಯ ಅಟ್ಟ ಹುಡುಕಿದರು.

ಈ ಸಲ ಸುತ್ತಲು ಹೋದಾಗ ಮೇಲಿನ ಹಳ್ಳದ ಮರಗಳು ದೂರದಿಂದ ಹಸಿರಾಗಿ ಕಂಡವು. ಹತ್ತಿರ ಹೋದರೆ ಎಲ್ಲ ಉಪ್ಪಿಲಿನ ಎಲೆ. ಕಾಯಿ ಕೈಬೆರಳಲ್ಲಿ ಎಣಿಸಬಹುದಿತ್ತು. ಕತ್ತಿ ಹಿಡಿಯಲು ಯಾರಿಗೂ ಧೈರ್ಯವಿರಲಿಲ್ಲ. ಕಡಿದವನಿಗೆ ಏನಾಯಿತು ಎಂದು ಎಲ್ಲರೂ ನೋಡಿದ್ದರು.

ಮಾರನೆಯ ಬೆಳಿಗ್ಗೆ ಸಭೆ. ಅಣ್ಣನ ಎರಡು ವರ್ಷ ಮುಗಿದಿದ್ದರಿಂದ ಅವನೂ ಬಂದು ಬಾಗಿಲ ಹತ್ತಿರ ಕೂತಿದ್ದ. ಅಧ್ಯಕ್ಷ, “ಮುಂದ್ ನಡ್ಯೋಕೆ ಇನ್ಮುಂದ್ಕೆ ಬೇರೆಯವ್ರೇ ಇರ್ಲಿ, ಒಂದ್ಸಲ ಎಸ್ರು ಕೆಟ್ಟೋನು ಬ್ಯಾಡ” ಎಂದ. ಸುತ್ತ ಕೂತವರು ತಲೆಯಾಡಿಸಿದರು. ಅಣ್ಣ ಟವೆಲ್ಲು ಕೊಡವಿ ಏಳಲು ಹೊರಟ.

ನಾನು ಎದ್ದು ನಿಂತೆ.

“ಕುತ್ಕವ್ವ, ತೀರ್ಮಾನ ಆಗೋಗದೆ,” ಎಂದ ಅಧ್ಯಕ್ಷ.

“ನಂದು ಆಗಿಲ್ಲ,” ಎಂದೆ. ಆ ದಿನ ಮರದ ಕೆಳಗೆ ನಾನು ಕಂಡದ್ದನ್ನೂ ಮಾಡಿದ್ದನ್ನೂ ಒಂದೂ ಬಿಡದೆ ಹೇಳಿದೆ. ಹಿಂದಿನ ಸಾಲಿನಿಂದ ಒಬ್ಬಳು, “ಥೂ, ನೀನ್ ವಡುಟ್ಟಿದೋಳಾ?” ಎಂದಳು. ನಾನು ಅಣ್ಣನ ಕಡೆ ತಿರುಗಿದೆ. ಅವನು ನೆಲ ನೋಡುತ್ತಿದ್ದ.

“ಅಣ್ಣ, ನೀನ್ ಕದಿನಿಲ್ಲ ಅಂತ ನಂಗ್ ಗೊತ್ತಿತ್ತು. ಗೊತ್ತಿದ್ದೂ ಯೋಳ್ನಿಲ್ಲ. ತಪ್ಪಾಯ್ತು ಕಣಣ್ಣ.”