ಸಮುದ್ರ ಕಾಣದ ಗೋಡೆ

ನನ್ನ ಹೆಂಡತಿಗೆ ಐರ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಖಾತ್ರಿಯಾದ ವಾರ, ಇಲ್ಲಿ ಗಲ್ಫಿನಲ್ಲಿ, ಜಾಬ್ರಿಯಾದ ಆಸ್ಪತ್ರೆಯಲ್ಲಿ ಅವಳ ವಾರ್ಡಿನ ಮೇಲ್ವಿಚಾರಕಿಯಾಗಿದ್ದ ಐರಿಷ್ ಹೆಂಗಸು ಅವಳಿಗೊಂದು ಕಾಗದ ಕೊಟ್ಟರು. ಅದರಲ್ಲಿದ್ದದ್ದು ಒಂದು ಪ್ರೇಮಕವಿತೆ. ಇಂಗ್ಲಿಷಿನದ್ದಲ್ಲ, ಅವರ ಅಜ್ಜಿಯ ಕಾಲದ ಐರಿಷ್ ಭಾಷೆಯದು. ಆ ಮೇಲ್ವಿಚಾರಕಿಯೇ ಬರೆದದ್ದಂತೆ. ಪಕ್ಕದಲ್ಲಿ ಇಂಗ್ಲಿಷ್ ಅರ್ಥ, ಕೆಳಗೆ ಪೆನ್ಸಿಲಿನಲ್ಲಿ ವ್ಯಾಕರಣದ ಟಿಪ್ಪಣಿ. ನಮ್ಮ ದೇಶಕ್ಕೆ ಹೋಗುವವಳು ನಾಲ್ಕು ಮಾತಾದರೂ ಕಲಿತು ಹೋಗು ಎಂದಿದ್ದರಂತೆ.

ಅವಳ ಮನೆಮಾತು ಕೊಂಕಣಿ, ನನ್ನದು ತುಳು. ಸಂಸಾರ ನಡೆದದ್ದು ಕನ್ನಡದಲ್ಲಿ. ಹದಿನೈದರ ಮಗಳಿಗೆ ಮೂರೂ ಅರ್ಥವಾಗುತ್ತವೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಶುಕ್ರವಾರ ಮಧ್ಯಾಹ್ನ ಊಟ ಮುಗಿದಿತ್ತು. ಸಾಲ್ಮಿಯಾದ ನಮ್ಮ ಬಾಡಿಗೆ ಫ್ಲ್ಯಾಟಿನ ಮೇಜಿನ ಮೇಲೆ ಆ ಕಾಗದವಿತ್ತು, ಅದರ ಪಕ್ಕ ಮಗಳ ಲ್ಯಾಪ್‌ಟಾಪು. ಲ್ಯಾಪ್‌ಟಾಪಿನಲ್ಲಿ ವೀಸಾ ಏಜೆನ್ಸಿಯ ಫಾರಂ ತೆರೆದಿತ್ತು. ಹೆಂಡತಿಯ ಭಾಗ, ಮಗಳ ಭಾಗ ತುಂಬಿ ಆಗಿತ್ತು. ಗಂಡನ ಭಾಗ ಬಾಕಿ. ಅದರಲ್ಲಿ ವಿದ್ಯಾಭ್ಯಾಸ ಎಂಬ ಒಂದು ಚೌಕ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಫೇಲಾಗಿ ಅಲ್ಲ; ಮನೆಗೆ ದುಡಿಯುವ ಕೈ ಬೇಕಿತ್ತು, ಬಿಟ್ಟೆ. ಕಿಟಕಿಯ ಗ್ರಿಲ್ ಮಾಡುವ ಅಂಗಡಿಯಲ್ಲಿ ವೆಲ್ಡಿಂಗ್ ಕಲಿತೆ. ಈಗ ಮೀನಾ ಅಲ್ ಅಹ್ಮದಿಯ ತೈಲ ರಿಫೈನರಿಯಲ್ಲಿ ನಾನು ಮಾಡಿದ ಪೈಪಿನ ಜಾಯಿಂಟುಗಳನ್ನು ಎಕ್ಸ್‌ರೇ ತೆಗೆದು ನೋಡುತ್ತಾರೆ. ಕತ್ತರಿಸಿ ಮತ್ತೆ ಮಾಡು ಎಂದು ನನಗೆ ಹೇಳಿದ ದಿನಗಳನ್ನು ಒಂದೇ ಕೈಯಲ್ಲಿ ಎಣಿಸಬಹುದು. ಆದರೆ ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ, ಪಪ್ಪಾ ಎಷ್ಟು ಓದಿದ್ದು ಎಂದು ಕೇಳಿದ್ದಳು. ಡಿಪ್ಲೊಮಾ ಎಂದುಬಿಟ್ಟೆ. ಹೆಂಡತಿ ಕೇಳಿಸಿಕೊಂಡು ಸುಮ್ಮನಿದ್ದಳು. ಆ ಮಾತು ಹಾಗೆಯೇ ನಿಂತಿತು.

ಈಗ ಚೌಕದಲ್ಲಿ ನಿಜ ಬರೆಯಬೇಕು. ಟೈಪ್ ಮಾಡುವವಳು ಮಗಳು.

"ಫಾರಂ ಇರ್ಲಿ. ಮೊದಲು ಅದೆಂತ ಕವಿತೆ, ಓದು ನೋಡುವ," ಎಂದೆ.

ಮಗಳು ಇಂಗ್ಲಿಷ್ ಅರ್ಥ ಓದಿದಳು, ಹೆಂಡತಿ ಕನ್ನಡದಲ್ಲಿ ಹೇಳಿದಳು. ದ್ವೀಪವೊಂದರಲ್ಲಿ ಒಬ್ಬ ಕಲ್ಲಿನ ಗೋಡೆ ಕಟ್ಟುತ್ತಿದ್ದಾನೆ. ಅವನ ಹುಡುಗಿ ದೋಣಿಯಲ್ಲಿ ಕೂತು, ಉಬ್ಬರದ ನೀರು ಇಳಿಯುವ ಮೊದಲು ಬಾ ಎಂದು ಕರೆಯುತ್ತಾಳೆ. ಈ ಸಾಲು ಮುಗಿಯಲಿ ಎನ್ನುತ್ತಾನೆ ಅವನು. ಮೂರು ಸಲ ಕರೆಯುತ್ತಾಳೆ, ಮೂರು ಸಲವೂ ಅದೇ ಉತ್ತರ. ಕೊನೆಗೆ ಗೋಡೆ ಅವನಿಗಿಂತ ಎತ್ತರವಾಗುತ್ತದೆ. ಆಚೆಗಿನ ಸಮುದ್ರ ಅವನಿಗೆ ಕಾಣುವುದಿಲ್ಲ.

ಟಿಪ್ಪಣಿಯಲ್ಲಿತ್ತು: ಅವರ ಭಾಷೆಯಲ್ಲಿ ಕ್ರಿಯಾಪದ ವಾಕ್ಯದ ಮೊದಲಿಗೇ ಬರುತ್ತದೆ. ನಾನು ದುಃಖಿ ಎನ್ನುವುದಿಲ್ಲ, 'ಇದೆ ದುಃಖ ನನ್ನ ಮೇಲೆ' ಎನ್ನುತ್ತಾರೆ. ಪ್ರೀತಿಯೂ ಹಾಗೆಯೇ, 'ಇದೆ ಪ್ರೀತಿ ನನ್ನ ಬಳಿ, ನಿನಗೆ.'

"ಸೋ ವಿಯರ್ಡ್," ಎಂದಳು ಮಗಳು.

"ಎಂತ ವಿಯರ್ಡ್?" ಎಂದೆ ನಾನು. "ನಾವು ಕೂಡ ನನಗೆ ಹಸಿವೆ ಅಂತಲೇ ಹೇಳುದಲ್ವಾ? ಸಿಟ್ಟು ಬರ್ತದೆ, ಬೇಜಾರು ಬರ್ತದೆ. ನಾವು ಮಾಡುದಾ ಅದು? ಅದೇ ಬರುದು. ಕ್ರಿಯಾಪದ ಅವರು ಮೊದಲು ಇಡ್ತಾರೆ, ನಾವು ಕೊನೆಗೆ. ಅಷ್ಟೇ."

ಹೆಂಡತಿ ನಕ್ಕಳು. "ಡಿಪ್ಲೊಮಾದವರು ಹೇಳಿದ ಮೇಲೆ ಮುಗೀತು."

ತಮಾಷೆಗೇ ಅಂದದ್ದು. ಆದರೆ ನನ್ನ ಕಿವಿ ಬಿಸಿಯಾಯಿತು. ಅವಳು ಚಹಾ ಮಾಡಲು ಎದ್ದಳು. ತಿರುಗಿಸಿದ ಮೇಲೆ ಚಮಚವನ್ನು ಪಾತ್ರೆಯ ಅಂಚಿಗೆ ಎರಡು ಸಲ ತಟ್ಟುವುದು ಅವಳ ಅಭ್ಯಾಸ. ತಟ್ಟಿ, ಅಡುಗೆಮನೆಯಿಂದಲೇ ಕೇಳಿದಳು.

"ಮತ್ತೆ, ಆ ಗೋಡೆಯವನ ಬಗ್ಗೆ ನಿಮ್ಗೆ ಎಂತ ಕಾಣ್ತದೆ?"

"ಅವನದ್ದು ತಪ್ಪಿಲ್ಲ," ಎಂದೆ. "ದಪ್ಪ ಪೈಪನ್ನು ಬಿಸಿ ಮಾಡಿ ವೆಲ್ಡಿಂಗ್ ಶುರು ಮಾಡಿದ ಮೇಲೆ ಅರ್ಧಕ್ಕೆ ಬಿಟ್ಟು ಏಳ್ಲಿಕ್ಕಾಗ್ತದಾ? ತಣ್ಣಗಾದ್ರೆ ಒಳಗೇ ಬಿರುಕು. ಹೊರಗೆ ಕಾಣುದೂ ಇಲ್ಲ. ಕೆಲಸ ಗೊತ್ತಿದ್ದವ ಮುಗಿಸಿಯೇ ಏಳುದು."

"ಅವಳು ಮೂರು ಸಲ ಕರೆದಳಲ್ಲ ಮಾರಾಯ್ರೆ."

"ಪ್ರೀತಿ ಇದ್ದಿದ್ರೆ ಕಾಯ್ತಿದ್ಳು."

"ನೀರು ಕಾಯ್ತದಾ?"

ಅವಳು ಚಹಾ ತಂದಿಟ್ಟು ನನ್ನ ಎದುರು ಕೂತಳು. ಅವಳು ಆ ಹೊತ್ತಿನಲ್ಲಿ ಕವಿತೆಯ ಮಾತು ಆಡುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು.

"ನಿಮ್ಮ ಭಾಗ ತುಂಬಿಸುವನಾ?" ಎಂದಳು.

"ರಿಫೈನರಿಯಲ್ಲಿ ಶಟ್‌ಡೌನ್ ಕೆಲಸ ಉಂಟು, ಎಲ್ಲ ಪೈಪು ಬಿಚ್ಚಿ ಹಾಕಿದ್ದಾರೆ. ಅದು ಮುಗೀಲಿ. ನೀವಿಬ್ರು ಮೊದಲು ಹೋಗಿ."

ಅವಳು ನನ್ನನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮಗಳ ಕಡೆ ತಿರುಗಿ, "ಪಪ್ಪನ ಭಾಗ ಬಿಡು. ನಮ್ಮಿಬ್ಬರದ್ದು ಕಳಿಸು," ಎಂದಳು. ಮಗಳು ಏನೋ ಹೇಳಲು ಬಾಯಿ ತೆರೆದು, ಮುಚ್ಚಿ, ಕಳಿಸಿದಳು.

ಅವರು ಹೋದರು. ಶಟ್‌ಡೌನ್ ಮುಗಿಯಿತು, ಮತ್ತೊಂದು ಬಂತು. ನಾನು ಫ್ಲ್ಯಾಟ್ ಬಿಟ್ಟು ಐದು ಜನರ ಕೋಣೆಯೊಂದರಲ್ಲಿ ಒಂದು ಮಂಚ ಹಿಡಿದೆ. ಮೊದಮೊದಲು ಹೆಂಡತಿ, ಯಾವಾಗ ಬರ್ತೀರಿ ಎಂದು ಕೇಳುತ್ತಿದ್ದಳು. ನಾನು ಹೇಳುತ್ತಿದ್ದ ಕಾರಣಗಳೆಲ್ಲ ಸುಳ್ಳಲ್ಲ, ಕೆಲಸ ನಿಜವಾಗಿಯೂ ಇತ್ತು. ಮೆಲ್ಲಗೆ ಅವಳು ಕೇಳುವುದನ್ನು ಬಿಟ್ಟಳು. ಆಮೇಲೆ ಫೋನಿಗೆ ಮಗಳು ಮಾತ್ರ ಬರತೊಡಗಿದಳು.

ಕಳೆದ ಚಳಿಗಾಲದ ಒಂದು ಶುಕ್ರವಾರ ಫೋನಿನಲ್ಲಿ ಮಗಳಿಗೆ ನಾನೇ ಹೇಳಿದೆ. "ಪಪ್ಪ ಡಿಪ್ಲೊಮಾ ಮಾಡಿಲ್ಲ. ಓದಿದ್ದು ಏಳನೇ ಕ್ಲಾಸು."

"ಐ ನೋ ಪಪ್ಪಾ," ಎಂದಳು. ನನ್ನ ಹಳೆಯ ಪಾಸ್‌ಪೋರ್ಟಿನಲ್ಲಿ ಇಸಿಆರ್ ಎಂಬ ಮೂರಕ್ಷರ ಉಂಟು. ಹತ್ತನೇ ಕ್ಲಾಸು ದಾಟದ ಕೆಲಸಗಾರರಿಗೆ ಬೀಳುವ ಗುರುತು. ಅದನ್ನು ರಿನ್ಯೂ ಮಾಡಿಸುವಾಗ ಅರ್ಜಿ ತುಂಬಿದ್ದು ಅವಳೇ. ಆಗ ಅವಳಿಗೆ ಹನ್ನೊಂದು ವರ್ಷ. ಅಕ್ಷರಗಳ ಅರ್ಥವನ್ನು ಅಂದೇ ಹುಡುಕಿ ನೋಡಿದ್ದಳಂತೆ.

"ಮತ್ತೆ ಅವತ್ತು ಯಾಕೆ ಹೇಳ್ಲಿಲ್ಲ ನೀನು?"

ಅವಳು ಕನ್ನಡದಲ್ಲಿ ಹೇಳಿದಳು. "ನೀವೇ ಹೇಳ್ತೀರಿ ಅಂತ."

"ಅಮ್ಮನಿಗೆ ಕೊಡು ಫೋನು," ಎಂದೆ.

"ಅಮ್ಮ ಡ್ಯೂಟಿಗೆ ಹೋಗಿದ್ದಾರೆ ಪಪ್ಪಾ."

ಅವಳ ಹಿಂದೆ ಎಲ್ಲೋ, ಪಾತ್ರೆಯ ಅಂಚಿಗೆ ಚಮಚ ಎರಡು ಸಲ ತಟ್ಟಿತು.

"ಆಯ್ತು," ಎಂದೆ. "ಬಂದ ಮೇಲೆ ಹೇಳು."