ನಲ್ಲಿಗೆ ಕಟ್ಟಿದ ವೈರು

ಬಿಸಿಯಾದ ಅಡಾಪ್ಟರಿನ ವಾಸನೆ ಮೂಗಿಗೆ ಬಿದ್ದರೆ ಇವತ್ತಿಗೂ ನನ್ನ ಕೈ ತಾನಾಗಿಯೇ ಸ್ವಿಚ್ಚಿನ ಕಡೆ ಹೋಗುತ್ತದೆ. ಕಾದ ಪ್ಲಾಸ್ಟಿಕ್ಕು, ಅದರ ಮೇಲೆ ಕೂತ ಧೂಳು, ಅದರೊಳಗೆಲ್ಲೋ ಸೀದ ಹಾಗೆ ಒಂದು ಸಣ್ಣ ಘಾಟು. ನಂಜನಗೂಡಿನ ನಮ್ಮ ಮನೆಯಲ್ಲಿ ಮಗಳು ಟಿವಿಯ ಕೆಳಗೆ ತನ್ನ ಗೇಮ್ ಕನ್ಸೋಲ್ ಇಟ್ಟುಕೊಂಡಿದ್ದಾಳೆ. ಒಂದಷ್ಟು ಹೊತ್ತು ಆಡಿದಳೆಂದರೆ ಆ ವಾಸನೆ ಅಡುಗೆಮನೆಯವರೆಗೂ ಬರುತ್ತದೆ. ನಾನು ಒಲೆ ಸಣ್ಣ ಮಾಡಿ ಎದ್ದು ಬಂದು ಪ್ಲಗ್ ಮುಟ್ಟಿ ನೋಡುತ್ತೇನೆ. ವೈರು ಎಲ್ಲಿಂದ ಹೊರಟು ಎಲ್ಲಿಗೆ ಹೋಗಿದೆ ಎಂದು ಕಣ್ಣಲ್ಲೇ ಹಿಂಬಾಲಿಸುತ್ತೇನೆ. "ಅಮ್ಮ, ಅದು ಬಿಸಿ ಆಗೇ ಆಗುತ್ತೆ. ನೀನ್ಯಾಕೆ ಪ್ರತಿ ಸಲ ಹಿಂಗೆ ಹೆದರ್ತೀಯ?" ಎಂದು ಅವಳು ನಗುತ್ತಾಳೆ. ನಾನೂ ನಗುತ್ತೇನೆ. ಅಷ್ಟರಲ್ಲಿ ಆ ಘಾಟು ನನ್ನನ್ನು ತಿ. ನರಸೀಪುರದ ಮನೆಯ ನಡುಮನೆಗೆ ಕರೆದುಕೊಂಡು ಹೋಗಿ ಕೂರಿಸಿಬಿಟ್ಟಿರುತ್ತದೆ.

ನಿಮಗೂ ಅಂಥದೊಂದು ಮನೆ ಇದ್ದಿರಬೇಕು. ಮಕ್ಕಳು ಅಪ್ಪನವೋ ಚಿಕ್ಕಪ್ಪನವೋ ಎಂದು ಹೊರಗಿನವರು ಕೇಳಿ ತಿಳಿಯಬೇಕಾದ ಮನೆ. ಅಜ್ಜಿ, ಅಪ್ಪ, ಅವ್ವ, ಅಣ್ಣ ಮಹದೇವ, ನಾನು, ಮತ್ತು ಇನ್ನೂ ಮದುವೆಯಾಗದ ನಾಗರಾಜ ಚಿಕ್ಕಪ್ಪ. ಅಪ್ಪನಿಗೆ ಪೇಟೆಯಲ್ಲಿ ರಸಗೊಬ್ಬರದ ಅಂಗಡಿ. ಅವರು ಒಳಗೆ ಬಂದರೆ ಅಂಗಿಯಿಂದ ಯೂರಿಯಾ ವಾಸನೆ ಬರುತ್ತಿತ್ತು. ಚಿಕ್ಕಪ್ಪ ಕರೆಂಟ್ ಆಫೀಸಿನಲ್ಲಿ ಲೈನ್‌ಮ್ಯಾನ್‌ಗಳ ಜೊತೆ ದಿನಗೂಲಿ ಹೆಲ್ಪರ್. ಇವತ್ತು ಖಾಯಂ ಆಗುತ್ತದೆ, ನಾಳೆ ಖಾಯಂ ಆಗುತ್ತದೆ ಎಂದು ಇಡೀ ಮನೆ ಆ ಒಂದು ಮಾತಿನ ಮೇಲೆ ಕಾದು ಕೂತಿತ್ತು. ಅವರು ಒಮ್ಮೆ ಮೈಸೂರಿಗೆ ಹೋದವರು ಒಂದು ಟಿವಿ ಗೇಮ್ ತಂದರು. ಹಳದಿ ಕ್ಯಾಸೆಟ್ಟಿನ ಮೇಲೆ ಲಕ್ಷಾಂತರ ಆಟಗಳಿವೆ ಎಂದು ಅಚ್ಚಾಗಿತ್ತು. ಒಳಗೆ ಬೆರಳೆಣಿಕೆಯಷ್ಟು ಆಟಗಳೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ನಮಗೆ ಅದೂ ಬೇಸರವಾಗಲಿಲ್ಲ. ಆ ವರ್ಷದ ಆಯುಧಪೂಜೆಗೆ ಚಿಕ್ಕಪ್ಪ ತಮ್ಮ ಟೆಸ್ಟರ್, ಕಟಿಂಗ್ ಪ್ಲೇಯರ್, ಅಪ್ಪನ ತಕ್ಕಡಿ, ಮನೆಯ ಕುಡುಗೋಲುಗಳ ಪಕ್ಕದಲ್ಲಿ ಆಟದ ರಿಮೋಟುಗಳನ್ನೂ ಇಟ್ಟರು. "ಇದ್ಯಾತರ ಆಯುಧ್ವೋ?" ಎಂದು ಅಜ್ಜಿ ಕೇಳಿದರೆ, "ಅವ್ವ, ಇದ್ರಲ್ಲಿ ಎಷ್ಟು ರಾಕ್ಷಸ್ರನ್ನ ಒಡ್ದಾಕಿದೀವಿ ಗೊತ್ತಾ? ಇಕ್ಕವ್ವ ವಿಭೂತಿ" ಎಂದರು. ಅಜ್ಜಿ ಇಟ್ಟೇ ಇಟ್ಟಳು. ಆ ವಿಭೂತಿಯ ಪಟ್ಟೆ ಗುಂಡಿಗಳ ಸಂದಿಯಲ್ಲಿ ಬಹಳ ದಿನ ಉಳಿದಿತ್ತು.

ಚಿಕ್ಕಪ್ಪ ಆಡುತ್ತಿದ್ದರೆ ಅಜ್ಜಿಯೂ ಅವರೆಕಾಯಿ ಸುಲಿಯುತ್ತ ಟಿವಿಯ ಮುಂದೆ ಕೂರುತ್ತಿದ್ದಳು. "ನೋಡವ್ವ, ಈ ಟೋಪಿಯೋನೇ ನಾನು. ಈಗ ಎಗರ್ತೀನಿ ನೋಡು" ಎಂದು ಹೇಳಿ ಚಿಕ್ಕಪ್ಪ ಬೇಕೆಂದೇ ಹಳ್ಳಕ್ಕೆ ಬೀಳುತ್ತಿದ್ದರು. "ಅಯ್ ಬಿದ್ದೋದಲ್ಲೋ ಮೂದೇವಿ!" ಎಂದು ಅಜ್ಜಿ ಅವರೆಸಿಪ್ಪೆ ಎಸೆಯುತ್ತಿದ್ದಳು. ಆ ಮನುಷ್ಯನನ್ನು ನಾವು ಎಷ್ಟು ನಂಬಿದ್ದೆವು ಎಂದು ಹೇಳಲಿಕ್ಕೆ ನನ್ನಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿಯಿಲ್ಲ: ಅವರು ಏನು ಮಾಡಿದರೂ ಕೊನೆಗೆ ಅದು ತಮಾಷೆ ಎಂದು ಗೊತ್ತಾಗುತ್ತದೆ ಎಂದೇ ಅಣ್ಣನೂ ನಾನೂ ಅಂದುಕೊಂಡಿದ್ದೆವು.

ಬೇಸಿಗೆ ರಜೆಯಲ್ಲಿ ಊರಿನ ಸುತ್ತ ಕಬ್ಬಿಗೂ ಭತ್ತಕ್ಕೂ ಪಂಪ್‌ಸೆಟ್ಟುಗಳು ಓಡಲು ಶುರುವಾದರೆ ನಮ್ಮ ಬೀದಿಯ ವೋಲ್ಟೇಜು ಕುಸಿದುಬಿಡುತ್ತಿತ್ತು. ಟಿವಿಯ ಚಿತ್ರ ನಾಲ್ಕೂ ಕಡೆಯಿಂದ ಒಳಕ್ಕೆ ಸರಿದು ಅಂಗೈಯಗಲ ಆಗುತ್ತಿತ್ತು. ಅಣ್ಣ ಆಗ ಏಳನೇ ಕ್ಲಾಸು ಮುಗಿಸಿದ್ದ. ಕುಗ್ಗಿದ ಆ ಚಿತ್ರಕ್ಕೆ ಮುಖ ಅಂಟಿಸಿಕೊಂಡು ಆಡುತ್ತಿದ್ದ. ಆ ಆಟದಲ್ಲಿ ಆಡಿದ್ದನ್ನು ಉಳಿಸಿಡುವ ದಾರಿ ಇರಲಿಲ್ಲ. ಕರೆಂಟು ಹೋದರೆ ಮತ್ತೆ ಮೊದಲಿನಿಂದ. "ನ್ಯೂಟ್ರಲ್ ವೀಕು ಕಣ್ಲಾ ಮಾದೇವ. ಒಂದು ಅರ್ಥ್ ಕೊಟ್ಬುಟ್ರೆ ಟಾಕೀಸ್ ತರ ಬತ್ತದೆ ನೋಡು" ಎಂದರು ಚಿಕ್ಕಪ್ಪ. ಕಂಬದಿಂದ ಬಂದ ಕರೆಂಟು ವಾಪಸ್ ಹೋಗುವ ತಂತಿ ಸಡಿಲವಾಗಿದ್ದರೆ, ನೆಲದೊಳಗೆ ಇಳಿದ ಕಬ್ಬಿಣದ ಪೈಪಿಗೆ ಇನ್ನೊಂದು ವೈರು ಕಟ್ಟಿ ಅದನ್ನು ಮಣ್ಣಿಗೆ ಇಳಿಸುವುದು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ನಡೆಯುತ್ತಿತ್ತು. ತಪ್ಪೆಂದು ಎಲ್ಲರಿಗೂ ಗೊತ್ತು. ಚಿಕ್ಕಪ್ಪನಿಗೆ ಎಲ್ಲರಿಗಿಂತ ಹೆಚ್ಚು ಗೊತ್ತು. ಅವರು ಸ್ವಿಚ್‌ಬೋರ್ಡಿನಿಂದ ಒಂದು ವೈರು ಎಳೆದು, ಕಿಟಕಿಯಿಂದ ಹೊರಕ್ಕೆ ತೂರಿಸಿ, ಅಂಗಳದ ನಲ್ಲಿಯ ಪೈಪಿಗೆ ಬಿಗಿಯಲು ಹೋದರು. ನನ್ನ ಕೆಲಸ ಒಳಗೆ ಟಿವಿಯ ಮುಂದೆ ನಿಂತು ಕೂಗುವುದು. ಚಿತ್ರ ಒಮ್ಮೆಗೇ ಹಿಗ್ಗಿ ಅಂಚು ಮುಟ್ಟಿತು. "ಬಂತು ಚಿಕ್ಕಪ್ಪಾ, ಬಂತು!" ಎಂದು ಕೂಗಿದೆ.

ಅವರಿಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಅವರು ಬನ್ನೂರಿನ ಕಡೆ ಲೈನ್ ಎಳೆಯುವ ಕೆಲಸಕ್ಕೆ ಹೋಗಿದ್ದಾಗ ಅಂಗಳದ ಪೈಪು ಒಡೆದು, ನೆಲದೊಳಗಿನದನ್ನೆಲ್ಲ ಕಿತ್ತು ಪ್ಲಾಸ್ಟಿಕ್ ಪೈಪು ಹಾಕಿಸಲಾಗಿತ್ತು. ಮೇಲೆ ಕಾಣುವ ಮೊಣಕಾಲುದ್ದದ ತುಂಡು ಮಾತ್ರ ಹಳೆಯ ಕಬ್ಬಿಣ. ವೈರು ಕಟ್ಟಿದ್ದು ಮಣ್ಣನ್ನೇ ಮುಟ್ಟದ ಕಬ್ಬಿಣಕ್ಕೆ. ಚಿತ್ರ ಹಿಗ್ಗಿದ್ದು ಆ ಹೊತ್ತಿಗೆ ಪಂಪ್‌ಸೆಟ್ಟುಗಳು ನಿಂತದ್ದಕ್ಕೇ ಇರಬೇಕು, ವೈರಿನಿಂದಲ್ಲ. ಚಿಕ್ಕಪ್ಪ ಕೈ ಒರೆಸಿಕೊಂಡು ಬೀದಿಯ ಕೊನೆಯ ಅಂಗಡಿಗೆ ಹೋದರು. ಚಿತ್ರ ಸ್ವಲ್ಪ ಹೊತ್ತು ಸರಿಯಾಗಿಯೇ ಇತ್ತು. ನಾನು ಹೊಸಿಲ ಮೇಲೆ ಕೂತು ಒಂದು ಕಣ್ಣು ಅಣ್ಣನ ಆಟದ ಮೇಲೆ, ಒಂದು ಕಣ್ಣು ಅಂಗಳದ ಮೇಲೆ ಇಟ್ಟಿದ್ದೆ. ಆಗ ಕಂಬದ ಸಡಿಲ ತಂತಿ ಪೂರ್ತಿ ಬಿಟ್ಟುಕೊಂಡು, ವಾಪಸ್ ಹೋಗಲು ದಾರಿಯಿಲ್ಲದ ಕರೆಂಟು ನಲ್ಲಿಗೇ ಬಂದು ನಿಂತಿತ್ತು ಎಂದು ಆಮೇಲೆ ತಿಳಿಯಿತು. ನನಗೆ ಕಂಡದ್ದು ಟಿವಿ ಕಪ್ಪಾದದ್ದು, ಅಡಾಪ್ಟರಿನಿಂದ ಆ ಘಾಟು ಎದ್ದದ್ದು, ಅದೇ ಹೊತ್ತಿಗೆ ಅಜ್ಜಿ ಹಿತ್ತಾಳೆ ಬಿಂದಿಗೆ ಇಟ್ಟು ನಲ್ಲಿ ತಿರುಗಿಸಲು ಒದ್ದೆ ಕೈ ಚಾಚಿದ್ದು. ಅವಳ ಕೈ ನಲ್ಲಿಗೆ ಹತ್ತಿಕೊಂಡಿತು. ಬಾಯಿ ತೆರೆದಿತ್ತು, ಧ್ವನಿ ಬರಲಿಲ್ಲ. ಬಿಂದಿಗೆ ಉರುಳುವ ಸದ್ದು, ನನ್ನ ಚೀರಾಟ. ಇವತ್ತಿಗೂ ಬಸ್ಸಿನಲ್ಲಿ ಕೂತಾಗ, ಆಫೀಸಿನಲ್ಲಿ ಯಾರೋ ಏನೋ ಹೇಳುತ್ತಿರುವಾಗ, ಆ ಬಾಯಿ ಇದ್ದಕ್ಕಿದ್ದ ಹಾಗೆ ಎದುರಿಗೆ ಬರುತ್ತದೆ. ಅಣ್ಣ ರಿಮೋಟು ಬಿಸಾಡಿ ಹಾರಿದ. ಕಿಟಕಿಯ ಹತ್ತಿರ ವೈರಿಗೆ ಎರಡೂ ಕೈ ಹಾಕಿ ಬೋರ್ಡಿನಿಂದ ಕಿತ್ತ. ಅಜ್ಜಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದಳು. ಅಣ್ಣ ಕಿತ್ತ ವೈರನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಳಕ್ಕೆ ಓಡಿ ಬಂದ.

ಬೀದಿಯವರೆಲ್ಲ ಸೇರಿದ್ದರು. ಅಪ್ಪ ಒಳಗಿನಿಂದ ಬಂದು ಅಜ್ಜಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಚಿಕ್ಕಪ್ಪ ಜನರನ್ನು ಸರಿಸಿಕೊಂಡು ಬಂದರು. ಅಜ್ಜಿಯನ್ನು ನೋಡಿದರು, ನಲ್ಲಿ ನೋಡಿದರು, ಅಣ್ಣನ ಕೈ ನೋಡಿದರು.

"ಯಾರ್ಲಾ ಈ ವೈರ್ ಕಟ್ಟಿದ್ದು?" ಎಂದರು.

ಅಣ್ಣ ನಕ್ಕ. ಆ ನಗು ನನಗೆ ಅರ್ಥವಾಗಿತ್ತು. ಚಿಕ್ಕಪ್ಪ ಬೇಕೆಂದೇ ಹಳ್ಳಕ್ಕೆ ಬೀಳುತ್ತಿದ್ದಾಗ ಅವನು ಹೀಗೇ ನಗುತ್ತಿದ್ದ. ಇದೂ ತಮಾಷೆ, ಈಗ ಮುಗಿಯುತ್ತದೆ ಎಂದು ಅವನು ಕಾದ. ಮುಗಿಯಲಿಲ್ಲ. "ನಗ್ತಾನಲ್ಲವ್ವಾ ಬಡ್ಡೈದ! ಅಜ್ಜೀನ ಸಾಯ್ಸಕ್ಕೋಗಿ ನಗ್ತಾನೆ!" ಎಂದು ಪಕ್ಕದ ಮನೆಯ ಹೆಂಗಸು ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಗೇಮು ಗೇಮು ಅಂತ ಎಕ್ಕುಟ್ಟೋದ" ಎಂದರು ಇನ್ಯಾರೋ. ಚಿಕ್ಕಪ್ಪ ಅವನ ಕೆನ್ನೆಗೆ ಹೊಡೆದರು. "ಚಿಕ್ಕಪ್ಪನೇ ಕಟ್ಟಿದ್ದು" ಎಂದು ನಾನು ಕೂಗಿದೆ. ಎರಡನೇ ಸಲ ಕೂಗುವಷ್ಟರಲ್ಲಿ ಅವ್ವನ ಕೈ ನನ್ನ ಬಾಯಿ ಮುಚ್ಚಿತ್ತು. ಆ ಕೈಗೆ ಈರುಳ್ಳಿ ವಾಸನೆ ಇತ್ತು.

ಅಜ್ಜಿ ಉಳಿದಳು. ಬಲಗೈಗೆ ಮಾತ್ರ ಮೊದಲಿನ ಹಿಡಿತ ಬರಲಿಲ್ಲ. ಮುದ್ದೆ ಕಟ್ಟುವುದನ್ನು ಬಿಟ್ಟಳು. ಮೊಮ್ಮಗನೇ ವೈರು ಕಟ್ಟಿದ್ದೆಂದು ಅವಳಿಗೆ ಹೇಳಲಾಗಿತ್ತು. ಅವಳು ಅವನನ್ನು ಬೈಯಲಿಲ್ಲ. ಅವನು ನೀರು ತಂದುಕೊಟ್ಟರೆ ಮಾತ್ರ, "ಅಲ್ಲೇ ಇಡಪ್ಪ" ಎನ್ನುತ್ತಿದ್ದಳು. ಅವನು ಹೋದ ಮೇಲೆ ನನ್ನನ್ನು ಕರೆದು ಲೋಟ ಎತ್ತಿಕೊಡಲು ಹೇಳುತ್ತಿದ್ದಳು. ಶಾಲೆ ಶುರುವಾಗುವ ಹೊತ್ತಿಗೆ ಅಣ್ಣನನ್ನು ದೂರದ ಒಂದು ಹಾಸ್ಟೆಲ್ಲಿಗೆ ಸೇರಿಸಿದರು. ರಜೆಗೆ ಬಂದರೆ ನೆಂಟರ ಹಾಗೆ ಜಗಲಿಯ ಮೇಲೆ ಮಲಗುತ್ತಿದ್ದ. ಅಜ್ಜಿ ತೀರಿಕೊಂಡಾಗ ಅವನು ಪಿಯುಸಿಯಲ್ಲಿದ್ದ. ಮಣ್ಣು ಹಾಕುವಾಗ ಎಲ್ಲರ ಹಿಂದೆ ನಿಂತಿದ್ದ. ಚಿಕ್ಕಪ್ಪನ ಕೆಲಸ ಖಾಯಂ ಆಯಿತು, ಮದುವೆಯಾಯಿತು. ಆಮೇಲೆ ಭಾಗ ಕೇಳಿದವರೂ ಅವರೇ. ಮನೆ ಮಾರಿದೆವು. ಈಗ ಅಲ್ಲಿ ಕೆಳಗೆ ಮೊಬೈಲ್ ಅಂಗಡಿಗಳು, ಮೇಲೆ ಟ್ಯೂಷನ್ ಕೋಣೆಗಳು. ಅಂಗಳ ಇದ್ದಲ್ಲಿ ಬೈಕುಗಳು ನಿಲ್ಲುತ್ತವೆ.

ನಾನು ದೊಡ್ಡ ಆಟಗಾರ್ತಿಯೇನಲ್ಲ. ಮಗಳ ಕನ್ಸೋಲಿನಲ್ಲಿ ಕಾರು ಓಡಿಸಿ ಗೋಡೆಗೆ ಗುದ್ದುತ್ತೇನೆ. ಫೋನಿನಲ್ಲಿ ಮಾತ್ರ ಅಣ್ಣನೂ ನಾನೂ ಒಂದು ಆನ್‌ಲೈನ್ ಆಟ ಆಡುತ್ತೇವೆ. ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸಿ, ಗುರುತಿಲ್ಲದವರ ಜೊತೆ ಗುಂಪು ಕಟ್ಟಿಕೊಂಡು ಕೋಟೆ ಕಾಡು ಅಲೆಯುವ ಆಟ. ಅವನಿಗೆ ಬನ್ನೂರಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ. ಗಿರಾಕಿ ಇಲ್ಲದ ಭಾನುವಾರದ ಮಧ್ಯಾಹ್ನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಸೇರುತ್ತಾನೆ. ನನ್ನದು ಬಿಲ್ಲು. ಅವನದು ಯಾವಾಗಲೂ ಗಾಯ ವಾಸಿ ಮಾಡುವವನ ಪಾತ್ರ. ಎಲ್ಲರ ಹಿಂದೆ ನಿಂತು ಬಿದ್ದವರನ್ನು ಎಬ್ಬಿಸುವುದು. ನಾನಂತೂ ಯುದ್ಧಕ್ಕಿಂತ ಹೆಚ್ಚಾಗಿ ಆ ಆಟದ ಹಳ್ಳಿಗಳಲ್ಲಿ ಸುಮ್ಮನೆ ಅಡ್ಡಾಡುತ್ತೇನೆ. ಹಳೆಯ ಕ್ಯಾಸೆಟ್ಟಿನ ಆಟದಲ್ಲಿ ಶತ್ರು ತಪ್ಪದೆ ಎದುರುಗಡೆಯಿಂದಲೇ ಬರುತ್ತಿದ್ದ. ಇದರಲ್ಲಿ ಪಕ್ಕದಲ್ಲಿ ನಡೆಯುವವನು ಎಂಥವನೆಂದು ಕೊನೆಯವರೆಗೂ ತಿಳಿಯುವುದಿಲ್ಲ.

ಕಳೆದ ಮಳೆಗಾಲದ ಒಂದು ಭಾನುವಾರ ನಮ್ಮ ಗುಂಪಿನ ನಾಯಕ ಆತುರಪಟ್ಟು ಕೋಟೆಯ ಬಾಗಿಲು ತೆರೆದುಬಿಟ್ಟ. ಎಲ್ಲರೂ ಸತ್ತೆವು. ಅವನು ಆ ಕೂಡಲೇ, ವಾಸಿ ಮಾಡುವವನು ನಿದ್ದೆ ಮಾಡುತ್ತಿದ್ದ ಎಂದು ಎಲ್ಲರಿಗೂ ಕಾಣುವಂತೆ ಬರೆದು ಅಣ್ಣನನ್ನು ಗುಂಪಿನಿಂದ ಹೊರಗೆ ಹಾಕಿದ. ನನಗೆ ಮೈಯೆಲ್ಲ ಉರಿಯಿತು. "ನೀನ್ಯಾಕೆ ಸುಮ್ನಿದೀಯ? ಬಾಗ್ಲು ತೆಗ್ದಿದ್ದು ಅವ್ನು ಅಂತ ಬರಿ" ಎಂದು ಇಯರ್‌ಫೋನಿನಲ್ಲಿ ಕೂಗಿದೆ.

"ಬುಡು ಪುಟ್ಟಿ. ಇದೇನ್ ನಂಗೊಸದಾ?" ಎಂದು ಅವನು ನಕ್ಕ.

"ಆವತ್ತೂ ಹಿಂಗೇ ಸುಮ್ನೆ ನಿಂತ್ಕಂಡೆ. ಅಪ್ಪಂಗಾದ್ರೂ ಹೇಳ್ಬೋದಿತ್ತು."

ಅವನ ಅಂಗಡಿಯಲ್ಲಿ ಯಾರೋ ಬೇರಿಂಗಿನ ಬೆಲೆ ಕೇಳಿದರು. ಅವನು ಆಮೇಲೆ ಬಾ ಎಂದು ಕಳಿಸಿದ. "ಅಪ್ಪಂಗೇನ್ ಹೇಳದು ಕಣೆ? ಚಿಕ್ಕಪ್ಪ ವೈರ್ ಕಟ್ಟುವಾಗ ಅಪ್ಪ ಊಟಕ್ ಬಂದು ಅಲ್ಲೇ ನಿಂತಿದ್ರು. ವೈರ್‌ಗೆ ಸುತ್ತಕ್ಕೆ ಟೇಪು ಅರ್ದು ಅರ್ದು ಕೊಟ್ಟಿದ್ದೇ ಅಪ್ಪ. ನಾನು ಕಿಟ್ಕೀಲಿ ನೋಡ್ತಾ ಇದ್ದೆ. ಆವತ್ತು ಸಂಜೆ ಅಂಗ್ಡಿ ಹಿಂದುಕ್ ಕರ್ಕೊಂಡೋಗಿ ಹೇಳುದ್ರು: ಚಿಕ್ಕಪ್ಪಂದು ಖಾಯಂ ಆಗೋ ಟೈಮು, ಆಚೆ ಗೊತ್ತಾದ್ರೆ ಕೆಲ್ಸ ಓಯ್ತದೆ, ನೀನು ಉಡ್ಗ, ನಿಂಗ್ಯಾರೂ ಏನೂ ಮಾಡಲ್ಲ, ಸುಮ್ನಿದ್ಬುಡು ಮಗ ಅಂತ. ಸುಮ್ನಿದ್ದೆ."

ಪೈಪನ್ನು ಪ್ಲಾಸ್ಟಿಕ್ಕಿಗೆ ಬದಲಿಸಿದ್ದು ಅಪ್ಪನೇ ಎಂಬುದು ಆಗ ನನಗೆ ನೆನಪಾಯಿತು. ಟೇಪು ಹರಿದು ಕೊಡುವಾಗ ಅವರಿಗೆ ಅದು ಹೊಳೆಯಲಿಲ್ಲವೋ, ಹೊಳೆದರೂ ಅಷ್ಟೇನಾಗುತ್ತದೆ ಅಂದುಕೊಂಡರೋ. ಒಬ್ಬರು ಸುಳ್ಳು ಹೇಳಿದರು, ಮನೆ ಮೋಸಹೋಯಿತು ಎಂದು ಇಷ್ಟು ವರ್ಷ ನಂಬಿದ್ದೆ. ಆ ನಂಬಿಕೆಯಲ್ಲಿ ಒಂದು ನೆಮ್ಮದಿಯೂ ಇತ್ತು. ಚಿಕ್ಕಪ್ಪನೊಬ್ಬರನ್ನು ಬದಿಗಿಟ್ಟು ಉಳಿದ ಮನೆಯನ್ನು ಪ್ರೀತಿಸಬಹುದಾಗಿತ್ತು.

ಹುಣ್ಣಿಮೆಗೆ ದೇವಸ್ಥಾನಕ್ಕೆ ಬಂದ ಅಪ್ಪ ಎಂದಿನಂತೆ ನಮ್ಮ ಮನೆಗೆ ಊಟಕ್ಕೆ ಬಂದರು. ಉಂಡು ಕೈ ತೊಳೆದು ಕೂತ ಮೇಲೆ ಕೇಳಿದೆ. ಅವರು ಇಲ್ಲವೆನ್ನಲಿಲ್ಲ. ಟವೆಲ್ಲಿನ ಅಂಚನ್ನು ಮಡಿಸುತ್ತ, ಬಿಡಿಸುತ್ತ, "ಆವಾಗ ಮನೆ ಒಂದಾಗಿರ್ಬೇಕಿತ್ತು ಕಣವ್ವ" ಎಂದರು.

"ಯಾವ ಮನೆ ಅಪ್ಪಾ?" ಎಂದೆ.

ಅವರು ಟವೆಲ್ಲನ್ನು ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡರು. ಕೊನೆಗೆ, "ಅವ್ನಿಗೊಂದು ಫೋನ್ ಆಕ್ಕೊಡು" ಎಂದರು. ಇವತ್ತಾದರೂ ಅವನಿಗೆ ಹೇಳುತ್ತಾರೆ ಅಂದುಕೊಂಡೆ. ನಂಬರು ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಅವರ ಕೈಗೆ ಕೊಟ್ಟೆ. ಅಣ್ಣ ಎತ್ತಿದ. ಅಪ್ಪ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಯ ಹತ್ತಿರ ತಂದರು, ತುಟಿ ಅಲುಗಿತು.

"ಮಗಾ... ಊಟ ಆಯ್ತಾ?"

"ಆಯ್ತಪ್ಪ. ನಿಮ್ದು?"

"ಆಯ್ತು. ಇಲ್ಲೇ ಪುಟ್ಟಿ ಮನೇಲಿ."

"ಸರಿ ಅಪ್ಪ. ಬಸ್ಸಿಗೆ ನಿಂತ್ಕಂಡ್ ಕಾಯ್ಬೇಡಿ, ಬಿಸ್ಲು ಇಳುದ್ಮೇಲೆ ಓಗಿ."

ಅಷ್ಟೇ. ಅಪ್ಪ ಫೋನನ್ನು ನನ್ನ ಕಡೆ ಚಾಚಿದರು. ಅವರ ಮುಖದಲ್ಲಿ ಏನೋ ಹಗುರಾದ ಹಾಗಿತ್ತು. ಹೇಳಬೇಕಾದ್ದನ್ನು ಹೇಳಿಬಿಟ್ಟೆ ಎಂದು ಅವರು ನಿಜವಾಗಿಯೂ ಅಂದುಕೊಂಡರೇನೋ. ಅಣ್ಣನಿಗೂ ಹಾಗೇ ಅನಿಸಿರಬಹುದು. ನನಗೆ ಅನಿಸಲಿಲ್ಲ. ಕಳೆದುಹೋದ ಮನೆಯನ್ನು ನೆನೆದು ಕಣ್ಣು ತುಂಬಿಕೊಳ್ಳುವವರನ್ನು ಕಂಡರೆ ಈಗ ನನಗೆ ಹೊಟ್ಟೆಕಿಚ್ಚಾಗುತ್ತದೆ. ನನಗೂ ನೆನಪಾಗುತ್ತದೆ, ಆದರೆ ಕಾಣುವುದು ಒಂದೇ: ಕೈಯಲ್ಲಿ ವೈರು ಹಿಡಿದು, ಇದು ತಮಾಷೆಯೆಂದು ನಗುತ್ತ ಕಾಯುತ್ತಿರುವ ಒಬ್ಬ ಹುಡುಗ, ಮತ್ತು ಅವನ ಸುತ್ತ ನಿಂತ, ಎಲ್ಲ ಗೊತ್ತಿದ್ದ, ನಾನು ಬಹಳ ಪ್ರೀತಿಸುತ್ತಿದ್ದ ಜನ.