ಫರ್ಶಿ ಹಾಲ್‌ನ ಅಮಾವಾಸ್ಯೆ

ಬೆಳಗಿನ ಐದೂಕಾಲು. ಶಹಾಬಾದ್ ಸ್ಟೇಷನ್ ಕಡೆಯಿಂದ ಗೂಡ್ಸ್ ಗಾಡಿಯೊಂದು ಮುಗಿಯುವ ಮನಸ್ಸೇ ಇಲ್ಲದೆ ಸದ್ದು ಮಾಡುತ್ತ ಹೋಗುತ್ತಿದೆ. ನೆಲಕ್ಕೆ ಹಾಸಿದ ಊರಿನ ಹಾಸುಗಲ್ಲು ಫರ್ಶಿಯಿಂದಲೇ ಹೆಸರು ಪಡೆದ ಫರ್ಶಿ ಹಾಲ್‌ನ ಒಳಗೆ ಜಗದೇವಿ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ನೆಲ ಗುಡಿಸುತ್ತಿದ್ದಾರೆ. ನಿನ್ನೆ ಇಲ್ಲೊಂದು ಕುಬಸ ಆಗಿದೆ. ಬಸುರಿಗೆ ಉಡಿ ತುಂಬಿದ ಅಕ್ಕಿ, ತುಳಿದು ಅಪ್ಪಚ್ಚಿಯಾದ ಚೆಂಡು ಹೂವು, ಕುರ್ಚಿಯ ಕೆಳಗೆ ಯಾರೋ ಬಿಟ್ಟುಹೋದ ಒಂಟಿ ಚಪ್ಪಲಿ. ಆರು ಗಂಟೆಗೆ ಇದೇ ನೆಲದ ಮೇಲೆ ಹದಿನಾಲ್ಕು ಟೇಬಲ್ ಹಾಕಿ ಆಗಿರಬೇಕು.

“ಸರ, ನೋಡ್ಕೋತ ನಿಂತ್ರ ಹೆಂಗ? ಆ ಟೇಬಲ್ ಕಾಲು ಹಿಡೀರಿ ಜರಾ,” ಎನ್ನುತ್ತಾರೆ. ಪತ್ರಿಕೆಗಾಗಿ ಇವರ ಸಂದರ್ಶನಕ್ಕೆಂದು ಹೋದವನು ಹತ್ತೇ ನಿಮಿಷದಲ್ಲಿ ಹಮಾಲನಾಗುತ್ತೇನೆ. ಕೂತು ಮಾತಾಡೋಣ ಎಂದು ಅಲ್ಲಿದ್ದ ಎರಡು ದಿನದಲ್ಲಿ ಏಳು ಸಲ ಕೇಳಿದ್ದೇನೆ. ಬಂದವರಿಗೆಲ್ಲ “ಬರ್ರಿ, ಕುಂದ್ರಿ” ಎನ್ನುವ ಈ ಹೆಣ್ಣುಮಗಳು ತಾವು ಮಾತ್ರ ಕೂತಿದ್ದನ್ನು ನಾನು ಕಾಣಲಿಲ್ಲ.

ನೆಲದ ಒಂದು ಕಡೆ ಅಂಗೈಯಗಲದ ಬಿಳಿ ಕಲೆ. ಜಗದೇವಿ ಅದನ್ನು ಕಾಲಬೆರಳಿಂದ ಮುಟ್ಟಿ ತೋರಿಸುತ್ತಾರೆ. “ಸಾರು ಚೆಲ್ಯಾರ. ನಮ್ಮ ಫರ್ಶಿಗಿ ಹುಳಿ ಆಗಂಗಿಲ್ರಿ. ಹುಣಸಿ ಬಿತ್ತು, ನಿಂಬಿಕಾಯಿ ಬಿತ್ತು ಅಂದ್ರ ಸುಟ್ಟಂಗ ಬೆಳ್ಳಗಾಗ್ತದ. ತಿಕ್ಕಿದ್ರ ಹೋಗಂಗಿಲ್ಲ, ಪಾಲಿಶ್ ಕಲ್ಲೇ ಬೇಕು.” ಸೊಂಟದ ಚೀಲದಿಂದ ಒಂದು ಸಣ್ಣ ಪಾಲಿಶ್ ಕಲ್ಲು ತೆಗೆದು, ನೀರು ಚಿಮುಕಿಸಿ, ಆ ಜಾಗವನ್ನು ಉಜ್ಜತೊಡಗುತ್ತಾರೆ. ಅದಕ್ಕೂ ಕೂರುವುದಿಲ್ಲ, ಬಗ್ಗಿಯೇ ಮಾಡುತ್ತಾರೆ.

ನೂರ ಅರವತ್ತು ಕುರ್ಚಿಗಳನ್ನು ಪಡುವಣ ಗೋಡೆಗೆ ಒತ್ತಿ ಪೇರಿಸುವುದು ಮುಂದಿನ ಕೆಲಸ. ಮೂಡಣ ಗೋಡೆಗೆ ಇಟ್ಟರೆ ಹತ್ತಿರವಾಗುತ್ತದಲ್ಲ ಎಂದು ನನ್ನ ಬುದ್ಧಿವಂತಿಕೆ ತೋರಿಸುತ್ತೇನೆ. “ಬ್ಯಾಡ್ರಿ. ಇಲ್ಲೇ ಇರಲಿ,” ಎಂದು ಅಲ್ಲಿಗೇ ಮಾತು ಮುಗಿಸುತ್ತಾರೆ.

ಇದು ಮೊದಲು ಕಲ್ಲಿನ ಗೋದಾಮು. ಗಣಿಯಲ್ಲಿ ದುಡಿದು ನಿವೃತ್ತರಾದವರು, ಊರಿನ ವ್ಯಾಪಾರಸ್ಥರು ಸೇರಿ ಆರು ವರ್ಷದ ಹಿಂದೆ ಸಮಿತಿ ಮಾಡಿಕೊಂಡು ಇದನ್ನು ಊರಿನ ಜಾಗವಾಗಿಸಿದರು. ಹೊರಗಿನ ಬೋರ್ಡಿನ ಮೇಲೆ ‘ಕೋ-ವರ್ಕಿಂಗ್ ಮತ್ತು ಕಾರ್ಯಕ್ರಮ ಕೇಂದ್ರ’ ಎಂದಿದೆ. ಹಾಗೆ ಕರೆದವರನ್ನು ನಾನು ನೋಡಲಿಲ್ಲ. ಜಗದೇವಿಯ ಪಾಲಿಗೆ ಲೋಕದಲ್ಲಿ ಎರಡೇ ಜಾತಿ: ಟೇಬಲ್ ಮಂದಿ, ಫಂಕ್ಷನ್ ಮಂದಿ. ಬಾಡಿಗೆ ಟೇಬಲ್ಲಿಗೆ ಕೂತು ಕಂಪ್ಯೂಟರ್ ಕೆಲಸ ಮಾಡುವ ಟೇಬಲ್ ಮಂದಿಗೆ ಕರೆಂಟು ಬೇಕು, ನೆಟ್ ಬೇಕು, ಸದ್ದು ಬೇಡ. ಫಂಕ್ಷನ್ ಮಂದಿಗೆ ಸದ್ದಿಲ್ಲದಿದ್ದರೆ ಫಂಕ್ಷನ್ ಆದಂತೆಯೇ ಅಲ್ಲ. ಇಬ್ಬರಿಗೂ ಇರುವುದು ಒಂದೇ ಹಾಲ್, ಎರಡು ಪಾಯಖಾನೆ, ಇಪ್ಪತ್ತೆರಡು ಪ್ಲಗ್ಗು, ಒಂದು ಬಾಗಿಲು.

ಆ ಬಾಗಿಲಿನ ಕೀಲಿ ಜಗದೇವಿಯ ಕೈಗೆ ಬಂದದ್ದೇ ಒಂದು ಆಕಸ್ಮಿಕ. ಈಗ ನಲವತ್ತೆಂಟರ ಅವರು ಓದಿದ್ದು ಏಳನೆಯ ತರಗತಿ. ಹನ್ನೆರಡು ವರ್ಷ ಕಲ್ಲು ಪಾಲಿಶ್ ಮಾಡುವ ಮಿಷನ್ ಮುಂದೆ ನಿಂತವರು. ಪುಡಿ ಎದೆಗಿಳಿದು ಕೆಮ್ಮು ಹತ್ತಿದಾಗ ಡಾಕ್ಟರು ಬಿಡು ಎಂದರು, ಬಿಟ್ಟು ಇಲ್ಲಿ ಕಸ ಗುಡಿಸಲು ಬಂದರು. ಹಾಲ್ ನೋಡಿಕೊಳ್ಳಲೆಂದು ಸಮಿತಿ ತಂದಿದ್ದ ಕಂಪ್ಯೂಟರ್ ಕಲಿತ ಮ್ಯಾನೇಜರ್ ನಾಲ್ಕೇ ತಿಂಗಳಿಗೆ ಕೈ ಮುಗಿದು ಹೋದ. “ಎರಡು ದಿನ ನೀನೇ ನೋಡವಾ ಅಂದ್ರು. ಐದು ವರ್ಷ ಆತು, ಆ ಎರಡು ದಿನ ಮುಗಿದಿಲ್ರಿ,” ಎಂದು ನಗುತ್ತಾರೆ.

ಒಂಬತ್ತು ಗಂಟೆಗೆಲ್ಲ ನನಗೇ ತಲೆ ತಿರುಗುತ್ತದೆ. ಕರೆಂಟು ಹೋಗುತ್ತದೆ, ಜಗದೇವಿ ಬ್ಯಾಟರಿಯ ಕಡೆ ಓಡುತ್ತಾರೆ. ನೀರಿನ ಟ್ಯಾಂಕರ್‌ನವನು ಓಣಿಯ ತುದಿಯಲ್ಲಿ ಹಾರ್ನ್ ಹೊಡೆಯುತ್ತಾನೆ, ಅತ್ತ ಓಡುತ್ತಾರೆ. ಆಡೊಂದು ಒಳಗೆ ಬಂದು ನಿನ್ನೆಯ ಹೂವು ತಿನ್ನುತ್ತಿದೆ. ಒಬ್ಬರಿಗೆ ಫ್ಯಾನು ಬೇಕು, ಪಕ್ಕದವರಿಗೆ ಅದೇ ಫ್ಯಾನು ಬೇಡ. ಮದುವೆ ವಿಡಿಯೊ ಜೋಡಿಸಿ ಕೊಡುವ ಇಸಾಕ ತಲೆ ಎತ್ತದೆಯೇ “ಅಕ್ಕಾ, ನೆಟ್ ನಿಂತದ” ಎನ್ನುತ್ತಾನೆ. ಅಕ್ಕ ವೈಫೈ ಡಬ್ಬಿಯ ವಯರು ಕಿತ್ತು, ಬಾಯಲ್ಲಿ ಹತ್ತು ಎಣಿಸಿ, ಮತ್ತೆ ಚುಚ್ಚುತ್ತಾರೆ. ಹಸಿರು ದೀಪ ಹತ್ತುತ್ತದೆ. “ಇದಕ್ಕೂ ಒಮ್ಮೊಮ್ಮೆ ದಮ್ಮು ಬೇಕಾಗ್ತದ್ರಿ,” ಎನ್ನುತ್ತಾರೆ.

ಬಾಗಿಲ ಪಕ್ಕದಲ್ಲಿ ತಗಡಿನ ತಕರಾರು ಡಬ್ಬಿ. ಅದರ ಕಡೆ ನೋಡುವಾಗ ಮಾತ್ರ ಅವರ ಮುಖದ ನಗು ಹೋಗುತ್ತದೆ. ಕಾರಣ ಇದೆ. ನಾಲವಾರದಿಂದ ದಿನಾ ರೈಲು ಹತ್ತಿ ಬರುವ ಭುವನೇಶ್ವರಿ ಇಲ್ಲಿ ಕೂತು ಆಸ್ಪತ್ರೆ ವಿಮೆಯ ಕಾಗದಗಳನ್ನು ಕಂಪ್ಯೂಟರಿಗೆ ಏರಿಸುತ್ತಾಳೆ. ಆಕೆಯ ಊರಲ್ಲಿ ನೆಟ್ ನಿಲ್ಲುವುದಿಲ್ಲ. ಕಳೆದ ನವೆಂಬರಿನಲ್ಲಿ ಆಕೆ ಮೇಲಧಿಕಾರಿಯ ಜೊತೆ ಮಾತಾಡುವಾಗಲೇ ಪಕ್ಕದಲ್ಲೇ ಒಂದು ಫಂಕ್ಷನ್ನಿನ ಬ್ಯಾಂಡು ಶುರುವಾಯಿತು. ಸಿಟ್ಟಿನಲ್ಲಿ ಒಂದು ಚೀಟಿ ಬರೆದು ಡಬ್ಬಿಗೆ ಹಾಕಿದಳು. ಸಮಿತಿ ಸೇರಿತು. ಫಂಕ್ಷನ್ ಬಾಡಿಗೆ ಇಲ್ಲದೆ ಹಾಲ್ ನಡೆಯುವುದಿಲ್ಲ, ಹಾಗಾಗಿ ಇನ್ನೊಂದು ತಕರಾರು ಬಂದರೆ ಟೇಬಲ್ ಎತ್ತಿಬಿಡುವುದು ಎಂದು ಠರಾವು ಮಾಡಿತು. “ನಾ ಬರದ ಚೀಟಿ ನಮ್ಮ ಕುತಗಿಗೇ ಬಂತ್ರಿ,” ಎನ್ನುತ್ತಾಳೆ ಭುವನೇಶ್ವರಿ. ಟೇಬಲ್ ಹೋದರೆ ಒಂಬತ್ತು ಮಂದಿಯ ಕೆಲಸ ಹೋಗುತ್ತದೆ. ಅವರಲ್ಲಿ ಆರು ಹೆಣ್ಣುಮಕ್ಕಳು.

ಅಂದಿನಿಂದ ಜಗದೇವಿ ಅಮಾವಾಸ್ಯೆಯನ್ನು ನೆಚ್ಚಿಕೊಂಡಿದ್ದಾರೆ. ರಿಜಿಸ್ಟರಿನಲ್ಲಿ ಅಮಾವಾಸ್ಯೆಯ ಹಾಳೆಯ ಮೂಲೆ ಮಡಿಚಿಟ್ಟಿರುತ್ತಾರೆ. “ಅಮಾಸಿಗಿ ಯಾರ್ರಿ ಫಂಕ್ಷನ್ ಮಾಡ್ತಾರ? ಆ ದಿನ ಪೂರಾ ಟೇಬಲ್ ಮಂದಿಗಿ.” ಗದ್ದಲ ಆಗಬಾರದ ಕೆಲಸವನ್ನೆಲ್ಲ ಟೇಬಲ್ ಮಂದಿ ಆ ದಿನಕ್ಕೇ ಇಟ್ಟುಕೊಳ್ಳುತ್ತಾರೆ. ಇಡೀ ಜಿಲ್ಲೆಯಲ್ಲಿ ಅಮಾವಾಸ್ಯೆಯ ದಾರಿ ಕಾಯುವವರು ಜಗದೇವಿಯೊಬ್ಬರೇ ಇರಬೇಕು. ನಾಳೆ ಅಮಾವಾಸ್ಯೆ. ನಾಳೆ ಹನ್ನೊಂದಕ್ಕೆ ಭುವನೇಶ್ವರಿಗೆ ವಿಡಿಯೊ ಮೇಲೆ ಸಂದರ್ಶನ. ಪಾಸಾದರೆ ನೌಕರಿ ಕಾಯಂ, ಕೆಲಸ ಇಲ್ಲೇ ಕೂತು ಮಾಡಬಹುದು. “ಸರ, ನಾಳಿ ಬಂದು ನೋಡ್ರಿ, ಗಡಿಯಾರದ ಸದ್ದು ಕೇಳ್ತದ,” ಎಂದು ಜಗದೇವಿ ಹೆಮ್ಮೆಯಿಂದ ಆ ಮಡಿಚಿದ ಹಾಳೆ ಬಿಡಿಸಿ ತೋರಿಸುತ್ತಾರೆ. ಹಾಳೆ ಖಾಲಿ.

ಆಗಲೇ ಬಾಗಿಲಲ್ಲಿ ನಜಮುನ್ನೀಸಾ ನಿಂತಿದ್ದಾರೆ. ಎಪ್ಪತ್ತರ ಹತ್ತಿರದ ವಯಸ್ಸು, ಕಂಚಿನ ಕಂಠ. “ಜಗದೇವಿ, ನಾಳಿ ಅಡಗಿಯ ದೊಡ್ಡ ಡೇಗ್ ಎಲ್ಲಿ ಹೂಡಸ್ಲಿ? ಅಡಗಿಯವ್ರು ಕೇಳ್ಲಿಕತ್ತಾರ.” ಅವರ ಮೊಮ್ಮಗಳ ಕೂದಲು ತೆಗೆಸಿ ಹೆಸರಿಡುವ ಅಕೀಕಾ. ಇನ್ನೂರು ಮಂದಿ. ರಿಜಿಸ್ಟರ್ ಹಿಡಿದ ಜಗದೇವಿಯ ಕೈ ಹಾಗೇ ನಿಲ್ಲುತ್ತದೆ.

ತಪ್ಪು ಆದದ್ದು ತಿಂಗಳ ಹಿಂದೆ, ಕಾಯಿಪಲ್ಲೆ ಸಂತೆಯಲ್ಲಿ. ಆ ತಾರೀಖು ಖಾಲಿ ಇದೆಯೇ ಎಂದು ನಜಮುನ್ನೀಸಾ ಕೇಳಿದ್ದರು. ಕೈಯಲ್ಲಿ ಮೆಂತ್ಯದ ಸೊಪ್ಪು ಹಿಡಿದಿದ್ದ ಜಗದೇವಿ ಮನಸ್ಸಿನಲ್ಲೇ ರಿಜಿಸ್ಟರ್ ತಿರುವಿ, ಹಾಳೆ ಖಾಲಿ ಕಂಡು, “ಖಾಲಿ ಅದ ಚಾಚಿ, ತಗೋರಿ” ಎಂದಿದ್ದರು. ಯಾಕೆ ಖಾಲಿ ಎಂದು ಹೊಳೆಯಲಿಲ್ಲ. ಮುಸ್ಲಿಮರ ಫಂಕ್ಷನ್ ಇಲ್ಲಿ ಬೇಕಾದಷ್ಟು ಆಗಿವೆ, ಎಲ್ಲವೂ ರವಿವಾರ. ಅಮಾವಾಸ್ಯೆಗೆ ಬಿದ್ದದ್ದು ಇದೇ ಮೊದಲು. ಮುಂದಕ್ಕೆ ಹಾಕುವಂತೆಯೂ ಇಲ್ಲ, ಯಾಕೆಂದರೆ ಅಮಾವಾಸ್ಯೆ ಕಳೆದು ಚಂದ್ರ ಕಂಡರೆ ರಂಜಾನಿನ ಉಪವಾಸ ಶುರು. ಹಗಲು ಊಟ ಹಾಕಲು ಉಳಿದದ್ದು ಇದೊಂದೇ ದಿನ.

ಆ ಮಧ್ಯಾಹ್ನ ಇಬ್ಬರಲ್ಲೊಬ್ಬರಿಗೆ ಬೇರೆ ಜಾಗ ಹುಡುಕುವ ಜಗದೇವಿಯ ಹಿಂದೆ ಓಡಿ ನನ್ನ ಚಪ್ಪಲಿಯ ಉಂಗುಷ್ಠ ಕಿತ್ತುಹೋಗುತ್ತದೆ. ಶಾದಿ ಮಹಲ್ ತುಂಬಿದೆ. ಶಾಲೆಯಲ್ಲಿ ಪರೀಕ್ಷೆ. ಲಾಡ್ಜಿನಲ್ಲಿ ನೆಟ್ ಇಲ್ಲ. ಕೊನೆಗೆ ಜಗದೇವಿ ನಜಮುನ್ನೀಸಾರ ಮನೆಯ ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ಬಿಚ್ಚಿ ಹೇಳುತ್ತಾರೆ. “ಇಬ್ಬರಿಗೂ ಮಾತು ಕೊಟ್ಟೀನಿ ಚಾಚಿ. ನಿಮ್ದೂ ಖರೇ, ಆಕಿದೂ ಖರೇ. ಸುಳ್ಳಾದಾಕಿ ನಾನೇ.”

ನಜಮುನ್ನೀಸಾ ಕೆಂಡವಾಗುತ್ತಾರೆ. “ಚಿತ್ತಾಪುರದಿಂದ ಬೀಗರು ಹತ್ತಕ್ಕೇ ಬರ್ತಾರ. ಅವರಿಗಿ ಬಾಯಿ ಮುಚ್ಕೋರಿ ಅನ್ಲೇನು? ತಕರಾರು ಡಬ್ಬಿ ಅದ ಅಲ್ಲ, ನಾಳಿ ನಾನೂ ಒಂದು ಚೀಟಿ ಹಾಕ್ತೀನಿ ನೋಡು!” ಜಗದೇವಿ ಹೊಸ್ತಿಲು ಬಿಟ್ಟು ಕದಲುವುದಿಲ್ಲ. ಕೊನೆಗೆ ಮುದುಕಿಯೇ ಕೇಳುತ್ತಾರೆ: “ಆ ಹುಡುಗಿದು ಎಷ್ಟು ಹೊತ್ತಿನ ಪರೀಕ್ಷಾ?”

“ಒಂದೂವರಿ ತಾಸು, ಚಾಚಿ.”

ಅಮಾವಾಸ್ಯೆಯ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಜಗದೇವಿ ಬಾಗಿಲಿನ ಬಿಜಾಗರಿಗೆ ಕುಸುಬೆ ಎಣ್ಣೆ ಬಿಡುತ್ತಿದ್ದಾರೆ. ಹಾಲ್‌ನ ನಡುವೆ ಹಗ್ಗ ಕಟ್ಟಿ ಮೂರು ಜಮಖಾನ ಇಳಿಬಿಟ್ಟಿದ್ದಾರೆ. ಅತ್ತ ಟೇಬಲ್, ಇತ್ತ ಅಕೀಕಾ. ಒಲೆಗಳು ಓಣಿಯ ತುದಿಗೆ ಹೋಗಿವೆ. ಹತ್ತರ ಹೊತ್ತಿಗೆ ಚಿತ್ತಾಪುರ, ವಾಡಿಯ ಬೀಗರು ಬರತೊಡಗುತ್ತಾರೆ. ನಜಮುನ್ನೀಸಾ ಬಾಗಿಲಿಗೇ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಗಂಡಸರನ್ನೆಲ್ಲ ಮಸೀದಿ ಕಡೆ ಅಟ್ಟುತ್ತಾರೆ. ಹೆಂಗಸರನ್ನು ಒಬ್ಬೊಬ್ಬರನ್ನೇ ಒಳಗೆ ಬಿಡುತ್ತ, ಆ ಕಂಚಿನ ಕಂಠವನ್ನು ಪಿಸುಮಾತಿಗೆ ಇಳಿಸಿ ಹೇಳುತ್ತಾರೆ: “ಒಳಗ ಒಂದು ಹುಡುಗಿ ಪರೀಕ್ಷಾಕ ಕುಂತಾಳ. ಬಳಿ ಮ್ಯಾಲ ಏರಿಸ್ಕೋರಿ.”

ಐವತ್ತು ಹೆಂಗಸರು ಬಳೆಗಳನ್ನು ಮೊಳಕೈತನಕ ಏರಿಸಿಕೊಂಡು, ಫರ್ಶಿಯ ಮೇಲೆ ಸಾಲಾಗಿ ಕೂತು ಸದ್ದಿಲ್ಲದೆ ಬೆಳ್ಳುಳ್ಳಿ ಸುಲಿಯುವುದನ್ನು ನಾನು ಮೊದಲ ಸಲ ನೋಡುತ್ತಿದ್ದೇನೆ. ಮಾತಾಡಬೇಕೆನಿಸಿದಾಗ ಪಕ್ಕದವರ ತೊಡೆ ಚಿವುಟುತ್ತಾರೆ, ನಗು ತಡೆಯಲಾರದವರು ಸೆರಗು ಬಾಯಿಗೆ ತುರುಕಿಕೊಳ್ಳುತ್ತಾರೆ. ಜಗದೇವಿ ಬರಿಗಾಲಲ್ಲಿ ಅತ್ತಿಂದಿತ್ತ, ಇತ್ತಿಂದತ್ತ. ಹನ್ನೊಂದೂ ನಲವತ್ತಕ್ಕೆ ಮಗು ಅಳುತ್ತದೆ.

ಜಗದೇವಿ ಹಾರಿ ಬರುವ ಮೊದಲೇ ನಜಮುನ್ನೀಸಾ ಕೂಸನ್ನು ಎತ್ತಿ ಸೆರಗಿನೊಳಗೆ ಹಾಕಿಕೊಂಡು ಬಾಗಿಲು ದಾಟಿದ್ದಾರೆ. ಎಣ್ಣೆ ಕುಡಿದ ಬಾಗಿಲು ಸದ್ದು ಮಾಡುವುದಿಲ್ಲ. ಯಾರಿಗೆ ಹೆಸರಿಡಲು ಹಾಲ್ ಹಿಡಿದಿದ್ದಾರೋ ಆ ಕೂಸನ್ನೇ ಹೊತ್ತು ಆ ಮುದುಕಿ ಬಿಸಿಲಲ್ಲಿ ಮುಕ್ಕಾಲು ತಾಸು ಓಣಿ ತಿರುಗುತ್ತಾರೆ.

ಹನ್ನೆರಡೂವರೆಗೆ ಜಮಖಾನ ಸರಿಸಿಕೊಂಡು ಭುವನೇಶ್ವರಿ ಹೊರಬರುತ್ತಾಳೆ. “ಮುಗೀತ್ರಿ. ಎಂಟು ದಿನದಾಗ ಹೇಳ್ತಾರಂತ.” ಅಷ್ಟೇ ಸಾಕಾಗುತ್ತದೆ. ಬಳೆಗಳೆಲ್ಲ ಒಮ್ಮೆಲೇ ಕೆಳಗಿಳಿದು, ಕಟ್ಟಿಟ್ಟ ಮಾತೆಲ್ಲ ಒಡೆದು, ಹಾಲ್‌ನ ತಗಡಿನ ಚಾವಣಿ ಹಾರುವಂಥ ಗದ್ದಲ. ನಮಾಜು ಮುಗಿದು ಪಂಕ್ತಿ ಕೂರುತ್ತದೆ. ಮಾಂಸ ತಿನ್ನದ ಭುವನೇಶ್ವರಿಗೆ ನಜಮುನ್ನೀಸಾ ಬ್ರೆಡ್ಡಿನ ಸಿಹಿಯಾದ ಡಬಲ್ ಕಾ ಮೀಠಾವನ್ನು ಬಟ್ಟಲು ತುಂಬ ಬಡಿಸಿ, ಆಕೆಯ ಕೈಗೆ ಪೆನ್ನು ಕೊಟ್ಟು ಏನೋ ಬರೆಸುತ್ತಾರೆ. ಚೀಟಿ ಡಬ್ಬಿಗೆ ಬೀಳುತ್ತದೆ. ಜಗದೇವಿ ಅದನ್ನು ನೋಡುತ್ತಾರೆ. ನೀರಿನ ಜಗ್ಗು ಹಿಡಿದು ಪಂಕ್ತಿಯ ಕಡೆ ಹೋಗುತ್ತಾರೆ.

ಮೂರಕ್ಕೆ ಸಮಿತಿಯ ಅಧ್ಯಕ್ಷ ನಾಗೇಂದ್ರಪ್ಪ ಬರುತ್ತಾರೆ. ಗಣಿಯಲ್ಲಿ ಮೇಸ್ತ್ರಿಯಾಗಿದ್ದವರು, ಹೆಚ್ಚು ಮಾತಿಲ್ಲ. ಒಂದೇ ದಿನ ಎರಡೂ ಕಡೆಗೆ ಹಾಲ್ ಕೊಟ್ಟ ಸುದ್ದಿ ಅವರಿಗೆ ಮುಟ್ಟಿದೆ. ನೇರವಾಗಿ ಡಬ್ಬಿಯ ಬೀಗ ತೆಗೆದು ಚೀಟಿ ಬಿಡಿಸಿ, ಕನ್ನಡಕ ಏರಿಸಿ, ಜೋರಾಗಿ ಓದುತ್ತಾರೆ: “ಹಾಲ್‌ಗಿ ಒಂದೇ ಬಾಗಿಲು ಇಟ್ಟಾರ. ಟೇಬಲ್ ಮಂದಿಗಿ ಬ್ಯಾರೆ ಬಾಗಿಲು ಇಡಸ್ರಿ. ನಜಮುನ್ನೀಸಾ.”

ಎರಡು ಸಲ ಓದುತ್ತಾರೆ. “ಜಗದೇವಿ, ಇದು ತಕರಾರು ಹೌದೋ ಅಲ್ಲೋ?”

“ತಕರಾರೇ ಕಾಕಾ. ಆದ್ರ ಟೇಬಲ್ ಮ್ಯಾಲ ಅಲ್ಲ, ಗ್ವಾಡಿ ಮ್ಯಾಲ.”

ನಾಗೇಂದ್ರಪ್ಪ ನಗುವುದಿಲ್ಲ. ಚೀಟಿಯನ್ನು ಜೇಬಿಗೆ ಹಾಕಿಕೊಂಡು ಮೂಡಣ ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಾರೆ. “ಇಲ್ಲಿ ಒಡದ್ರ ಮ್ಯಾಲಿನ ಕಲ್ಲು ತಡಿಯಂಗಿಲ್ಲ,” ಎಂದು ತಲೆ ಆಡಿಸಿ, “ಎಲ್ಲಿ ಇಡಸ್ಲಿ ಹೇಳು,” ಎನ್ನುತ್ತಾರೆ.

ಜಗದೇವಿ ನನ್ನ ಕಡೆ ತಿರುಗುತ್ತಾರೆ. “ಸರ, ಕುರ್ಚಿ ಹಿಡೀರಿ ಜರಾ.” ಪಡುವಣ ಗೋಡೆಗೆ ಪೇರಿಸಿ ಉಳಿದಿದ್ದ ಕುರ್ಚಿಗಳನ್ನು ಇಬ್ಬರೂ ಸರಿಸುತ್ತೇವೆ. ಸುಣ್ಣದ ಗೋಡೆಯ ಮೇಲೆ ಇದ್ದಲಿನಿಂದ ಬರೆದ ಬಾಗಿಲು. ಆಳೆತ್ತರ, ಎರಡೂವರೆ ಮೊಳ ಅಗಲ, ಮೇಲೆ ಹಾಸುಗಲ್ಲು ಕೂರುವ ಜಾಗಕ್ಕೂ ಗುರುತು. ನಾಗೇಂದ್ರಪ್ಪ ಹತ್ತಿರ ಹೋಗಿ ಬಡಿಯುತ್ತಾರೆ, ಮೊಳ ಹಾಕುತ್ತಾರೆ, ಬಹಳ ಹೊತ್ತು ಹುಡುಕಿದರೂ ತಪ್ಪು ಸಿಗುವುದಿಲ್ಲ.

“ಯಾವಾಗ ಬರದಿ?” ಎಂದು ಕೇಳುತ್ತಾರೆ.

“ಕೀಲಿ ಕೈಗಿ ಬಂದ ವರ್ಷ, ಕಾಕಾ,” ಎನ್ನುತ್ತಾರೆ ಜಗದೇವಿ. “ನೀವು ವರ್ಷಾ ಸುಣ್ಣ ಹೊಡಸ್ತೀರಿ, ಅಳಸಿ ಹೋಗ್ತದ. ಮತ್ತ ಬರೀತೀನಿ.”